ಒಂದೇ ಮಿಷನ್, ನಾಲ್ಕು ಲೋಹ: ವೆಲ್ಡಿಂಗ್ ಔಟ್‌ಪುಟ್ ಬದಲಿಸುವುದೋ, ಬೇರೆ ಮಿಷನ್ ತರುವುದೋ?

ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಇರುವ ಸಾಧಾರಣ ವೆಲ್ಡಿಂಗ್ ಶಾಪಿಗೆ ಒಂದೇ ವಾರದಲ್ಲಿ ಎಂಥೆಂಥ ಕೆಲಸ ಬರುತ್ತದೆ ನೋಡಿ. ತೋಟದ ಎಂಎಸ್ (ಮೆದು ಉಕ್ಕು) ಗೇಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಒಡೆದ ಬೀಡಿನ (ಎರಕದ ಕಬ್ಬಿಣದ) ಬ್ರಾಕೆಟ್ಟು, ಹೋಂಸ್ಟೇಯ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗು, ಹೂಮಳೆ ಬಾರದಾಗ ಹೊರಗೆ ಬಂದ ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪು, ತುಕ್ಕು ತಿಂದ ಜೀಪಿನ ಫ್ಲೋರು. ಲೋಹ ನಾಲ್ಕು, ಶಾಪಿನಲ್ಲಿರುವುದು ಒಂದೇ ಮಿಷನ್. ಇದನ್ನೇ ಏನಾದರೂ ಮಾಡಿ ಬಗ್ಗಿಸಬಹುದಾ, ಅಥವಾ ದುಡ್ಡು ಹಾಕಿ ಇನ್ನೊಂದು ತರಬೇಕಾ ಎಂಬ ಪ್ರಶ್ನೆ ಅಲ್ಲಿಂದ ಶುರು.

ಕೆಲವನ್ನು ಕೇಬಲ್ ತಿರುಗಿಸಿ ಬಗ್ಗಿಸಬಹುದು, ಕೆಲವಕ್ಕೆ ಪಕ್ಕದಲ್ಲೊಂದು ಡಬ್ಬ ಜೋಡಿಸಬೇಕು, ಕೆಲವನ್ನು ಎಷ್ಟು ಹಣ ಸುರಿದರೂ ಬಗ್ಗಿಸಲಾಗದು. ಯಾವುದು ಯಾವ ಗುಂಪಿಗೆ ಸೇರುತ್ತದೆಂದು ಮೊದಲೇ ಗೊತ್ತಿದ್ದರೆ ಅರ್ಧ ದುಡ್ಡು ಉಳಿಯುತ್ತದೆ.

ಔಟ್‌ಪುಟ್ ಎಂದರೆ ಮೂರು ಪ್ರಶ್ನೆ

ಮಿಷನ್ ಕೊಡುವುದು ಎಸಿಯೋ ಡಿಸಿಯೋ? ಡಿಸಿಯಾದರೆ ರಾಡು ಇರುವುದು ಪಾಸಿಟಿವಿನಲ್ಲೋ ನೆಗೆಟಿವಿನಲ್ಲೋ? ಮಿಷನ್ ಹಿಡಿದಿಟ್ಟುಕೊಳ್ಳುವುದು ಕರೆಂಟನ್ನೋ ವೋಲ್ಟೇಜನ್ನೋ?

ಎರಡನೆಯದು ಪುಕ್ಕಟೆ ಕೆಲಸ. ಎರಡು ಕೇಬಲ್ ಅದಲು ಬದಲು ಮಾಡಿದರೆ ಮುಗಿಯಿತು. ಮೊದಲನೆಯದರಲ್ಲಿ ಎಸಿಯಿಂದ ಡಿಸಿಗೆ ಹೋಗಲು ನಾಲ್ಕು ಡಯೋಡ್ ಸಾಕು. ಡಿಸಿಯಿಂದ ಎಸಿಗೆ ಮರಳುವ ದಾರಿ ಮಾತ್ರ ಶಾಪಿನ ಮಟ್ಟದಲ್ಲಿ ಇಲ್ಲ. ಮೂರನೆಯದು ಮಿಷನ್ನಿನ ಹುಟ್ಟುಗುಣ.

ಈ ಮೂರನೆಯದನ್ನು ಸರಿಯಾಗಿ ತಿಳಿಯದೆಯೇ ಹೆಚ್ಚಿನವರು ಕೈಸುಟ್ಟುಕೊಳ್ಳುವುದು. ರಾಡ್ ವೆಲ್ಡಿಂಗಿನಲ್ಲಿ ಕೈ ಸ್ವಲ್ಪ ಮೇಲೆ ಕೆಳಗೆ ಆಗಿಯೇ ಆಗುತ್ತದೆ. ಆರ್ಕ್ ಅಂದರೆ ರಾಡಿನ ತುದಿಗೂ ಲೋಹಕ್ಕೂ ನಡುವಿನ ಕಿಡಿ ಉದ್ದವಾದರೆ ವೋಲ್ಟೇಜ್ 22ರಿಂದ 28ಕ್ಕೆ ಏರುತ್ತದೆ. ಆಗಲೂ ಕರೆಂಟ್ ಹೆಚ್ಚು ಕಡಿಮೆ ಇದ್ದಲ್ಲೇ ನಿಂತರೆ ಬೀಡ್ ಅಂದರೆ ವೆಲ್ಡಿನ ಸಾಲು ಸಮನಾಗಿ ಬರುತ್ತದೆ. ಹಾಗಾಗಿ ರಾಡ್ ಮಿಷನ್ನೂ ಆರ್ಗಾನ್ ಅಂದರೆ ಟಿಗ್ ಮಿಷನ್ನೂ ಕರೆಂಟನ್ನು ಕಾಯುತ್ತವೆ. ಸಿಓಟು ಅಂದರೆ ಮಿಗ್‌ನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ವೈರು ಒಂದೇ ವೇಗದಲ್ಲಿ ಬರುತ್ತಿರುತ್ತದೆ. ಆರ್ಕ್ ಗಿಡ್ಡವಾದ ಕೂಡಲೇ ಕರೆಂಟ್ ಜಿಗಿದು ವೈರನ್ನು ಬೇಗ ಕರಗಿಸಬೇಕು, ಉದ್ದವಾದಾಗ ಕರೆಂಟ್ ಇಳಿದು ವೈರು ಮುಂದೆ ಬರಲು ಬಿಡಬೇಕು. ಇದು ತಾನಾಗಿ ನಡೆಯಬೇಕಾದರೆ ವೋಲ್ಟೇಜ್ ನಿಂತಿರಬೇಕು. ರಾಡ್ ಮಿಷನ್ನಿಗೆ ವೈರ್ ಫೀಡರ್ ಕಟ್ಟಿದರೆ ವೈರು ಒಮ್ಮೆ ಟಿಪ್ಪಿಗೇ ಅಂಟಿಕೊಳ್ಳುತ್ತದೆ, ಮರುಕ್ಷಣ ಪ್ಲೇಟಿಗೆ ಕುಟ್ಟುತ್ತದೆ.

ಹಳೆ ಆಯಿಲ್ ಸೆಟ್: ಡಿಸಿ ಮಾಡುವುದಾ, ಮಾರಿಬಿಡುವುದಾ?

ಎರಡು ಫೇಸಿಗೆ ಹಾಕುವ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಸೆಟ್ ನಮ್ಮಲ್ಲಿ ಇನ್ನೂ ಎಷ್ಟೋ ಶಾಪುಗಳಲ್ಲಿದೆ. ಸಾಯುವುದೇ ಇಲ್ಲ. ಗುಡುಗು ಸಿಡಿಲಿಗೆ ಬೋರ್ಡು ಸುಡುವ ಚಿಂತೆಯಿಲ್ಲ, ಯಾಕೆಂದರೆ ಬೋರ್ಡೇ ಇಲ್ಲ. 6013 ಎಂಬ ಸಾಮಾನ್ಯ ರಾಡಿನಲ್ಲಿ ಗೇಟು, ಟ್ರಸ್, ಟ್ರೈಲರ್ ಕೆಲಸ ಮಾತ್ರ ಇದ್ದರೆ ಅದನ್ನು ಮುಟ್ಟುವ ಅಗತ್ಯವೂ ಇಲ್ಲ. ಗಟ್ಟಿ ಜೋಡಣೆಗೆ ಬಳಸುವ 7018 ರಾಡು ಸುಸೂತ್ರವಾಗಿ ಓಡಬೇಕು, ಎಸ್‌ಎಸ್ ರಾಡು ಅಂಟದೆ ಹತ್ತಬೇಕು, ತೆಳು ತಗಡು ತೂತಾಗಬಾರದು ಎಂದಾಗ ಡಿಸಿ ಬೇಕಾಗುತ್ತದೆ.

ಡಿಸಿ ಡಬ್ಬಕ್ಕೆ ಬೇಕಾದ್ದು ಇಷ್ಟು. ನಾಲ್ಕು ಸ್ಟಡ್ ಡಯೋಡ್, ಒಂದೊಂದೂ 150ರಿಂದ 200 ಆಂಪಿನದು, ತಡೆಯುವ ವೋಲ್ಟೇಜ್ 400ಕ್ಕೆ ಕಡಿಮೆಯಿಲ್ಲದ್ದು. ಈ ನಾಲ್ಕರ ಜೋಡಣೆಯಾದ ಬ್ರಿಡ್ಜಿನಲ್ಲಿ ಪ್ರತಿ ಡಯೋಡ್ ಅರ್ಧ ಹೊತ್ತು ಮಾತ್ರ ದುಡಿಯುವುದರಿಂದ 150 ಆಂಪ್ ವೆಲ್ಡಿಂಗಿಗೆ ಸರಾಸರಿ 75 ಆಂಪ್ ಬೀಳುತ್ತದೆ. ಉಳಿದದ್ದು ರಾಡ್ ಅಂಟಿದಾಗಿನ ಹೊಡೆತಕ್ಕೆ ಇಟ್ಟ ಮೀಸಲು. ಎರಡು ಡಯೋಡ್ ಸ್ಟಡ್ಡೇ ಕ್ಯಾಥೋಡ್ ಆಗಿರುವವು, ಇನ್ನೆರಡು ಸ್ಟಡ್ಡೇ ಆನೋಡ್ ಆಗಿರುವ ರಿವರ್ಸ್ ಜಾತಿಯವು ತನ್ನಿ. ಆಗ ಮೊದಲಿನೆರಡು ಒಂದು ಹೀಟ್‌ಸಿಂಕಿನ ಮೇಲೆ ಕೂತು ಅದು ಪಾಸಿಟಿವ್ ಆಗುತ್ತದೆ, ಇನ್ನೆರಡು ಇನ್ನೊಂದರ ಮೇಲೆ ಕೂತು ನೆಗೆಟಿವ್. ನಾಲ್ಕೂ ಒಂದೇ ಜಾತಿ ತಂದರೆ ಮೂರು ಹೀಟ್‌ಸಿಂಕ್ ಬೇಕು. ಹೀಟ್‌ಸಿಂಕುಗಳು ಡಬ್ಬದ ಬಾಡಿಗೆ ತಾಗಕೂಡದು. ಬೇಕಲೈಟ್ ತುಂಡಿನ ಮೇಲೆ ಕೂರಿಸಿ.

ಬಿಸಿ ಎಷ್ಟು? ಕರೆಂಟ್ ಯಾವಾಗಲೂ ಎರಡು ಡಯೋಡ್ ದಾಟುತ್ತದೆ, ಒಂದೊಂದರಲ್ಲೂ 1.1 ವೋಲ್ಟಿನಷ್ಟು ಇಳಿಯುತ್ತದೆ. 150 ಆಂಪಿನಲ್ಲಿ ಅದು 330 ವ್ಯಾಟ್, ಅಂದರೆ ಸಣ್ಣ ಇಸ್ತ್ರಿಪೆಟ್ಟಿಗೆಯಷ್ಟು. ಫ್ಯಾನ್ ಇಲ್ಲದೆ ಆಗುವ ಮಾತಲ್ಲ. ಪ್ರತಿ ಡಯೋಡಿನ ಅಡ್ಡಕ್ಕೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಎಸಿ ಬದಿಗೆ ಒಂದು ಎಂಒವಿ (ವೋಲ್ಟೇಜ್ ಜಿಗಿದಾಗ ಅದನ್ನು ಹೀರುವ ಬಿಡಿಭಾಗ) ಹಾಕಿದರೆ ಲೈನಿನ ಜಿಗಿತಕ್ಕೆ ಡಯೋಡ್ ಹೋಗುವುದು ತಪ್ಪುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಕೆಲಸ ಅರ್ಧ. ಸಿಂಗಲ್ ಫೇಸ್ ಬ್ರಿಡ್ಜಿನ ಡಿಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, 7018 ಪ್ರತಿ ಸಲ ಆರಿಹೋಗಲು ನೋಡುತ್ತದೆ. ಆ ತಗ್ಗನ್ನು ತುಂಬುವುದು ಚೋಕ್, ಅಂದರೆ ಕಬ್ಬಿಣದ ಕೋರಿನ ಮೇಲೆ ಸುತ್ತಿದ ಕೇಬಲ್ ಸುರುಳಿ. ಹಳೆ ಟ್ರಾನ್ಸ್‌ಫಾರ್ಮರಿನ ಇ-ಐ ಆಕಾರದ ತಗಡುಗಳ ಕೋರ್, ಹತ್ತು ಕೆಜಿಗೆ ಕಡಿಮೆಯಿಲ್ಲದ್ದು, ಅದರ ಮೇಲೆ 25 ಅಥವಾ 35 ಚದರ ಮಿ.ಮೀ. ಕೇಬಲ್ 30ರಿಂದ 50 ಸುತ್ತು, ಪಾಸಿಟಿವ್ ದಾರಿಯಲ್ಲಿ ಸರಣಿಯಾಗಿ. ಇ ಮತ್ತು ಐ ನಡುವೆ 1.5ರಿಂದ 3 ಮಿ.ಮೀ. ದಪ್ಪದ ಬೇಕಲೈಟ್ ಇಟ್ಟು ಸಂದು ಬಿಡಲೇಬೇಕು. ಸಂದಿಲ್ಲದೆ ಕೋರನ್ನು ಒತ್ತಿ ಕೂರಿಸಿದರೆ ಡಿಸಿಗೆ ಕೋರ್ ತುಂಬಿಹೋಗಿ ಚೋಕ್ ಬರೀ ವೈರಿನ ಸುರುಳಿಯಾಗುತ್ತದೆ. 'ಚೋಕ್ ಹಾಕಿದೆ, ಏನೂ ವ್ಯತ್ಯಾಸ ಆಗಲಿಲ್ಲ' ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಚೋಕ್ ಬದಲು ದೊಡ್ಡ ಕೆಪಾಸಿಟರ್ ಹಾಕಿ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ರಾಡ್ ವೆಲ್ಡಿಂಗಿಗೆ ಬೇಡ. 80 ವೋಲ್ಟ್ ಎಸಿ ಕೆಪಾಸಿಟರಿನಲ್ಲಿ ತುಂಬಿ 113 ವೋಲ್ಟ್ ಡಿಸಿಯಾಗಿ ಕೂರುತ್ತದೆ. ರಾಡ್ ತಾಗಿದ ಕ್ಷಣ ಅದೆಲ್ಲ ಒಮ್ಮೆಗೇ ಸಿಡಿಯುತ್ತದೆ, ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಶಾಕ್ ಉಳಿದಿರುತ್ತದೆ.

ಜೋಡಿಸಿದ ಮೇಲೆ ಮೀಟರ್ ಹಿಡಿದು ನೋಡಿ. ಎಸಿ ಬದಿಯಲ್ಲಿ 80 ಇದ್ದರೆ ಲೋಡಿಲ್ಲದ ಡಿಸಿ 72ರ ಆಸುಪಾಸು ಬರಬೇಕು. 36 ಬಂದರೆ ಒಂದು ಡಯೋಡ್ ತೆರೆದುಹೋಗಿದೆ. ಸೆಟ್ ಎಂದಿಲ್ಲದ ಹಾಗೆ ಗುಂಯ್ಯೆನ್ನುತ್ತಾ ಲೋಡಿಲ್ಲದೆಯೇ ಬಿಸಿಯಾದರೆ ಒಂದು ಡಯೋಡ್ ಶಾರ್ಟ್ ಆಗಿದೆ, ತಕ್ಷಣ ಆರಿಸಿ.

ಇನ್ನು ಇನ್ವರ್ಟರ್, ಅಂದರೆ ಎಲೆಕ್ಟ್ರಾನಿಕ್ ಬೋರ್ಡಿನ ಹಗುರ ವೆಲ್ಡಿಂಗ್ ಮಿಷನ್ ಜತೆ ಹೋಲಿಕೆ. ಆಯಿಲ್ ಸೆಟ್ 150 ಆಂಪಿನಲ್ಲಿ ಲೈನಿನಿಂದ ಎಳೆಯುವುದು 80 ಗುಣಿಸು 150, ಅಂದರೆ 12 ಕೆವಿಎ. ಅದೇ 150 ಆಂಪಿಗೆ ಇನ್ವರ್ಟರ್ ಎಳೆಯುವುದು ಆರೂವರೆ ಕೆವಿಎ ಸುಮಾರು, ಅದೂ ಮೊದಲೇ ಡಿಸಿ. ಡಯೋಡ್, ಹೀಟ್‌ಸಿಂಕ್, ಚೋಕಿನ ತಾಮ್ರ ಎಲ್ಲ ಹೊಸತಾಗಿ ಕೊಳ್ಳುವುದಾದರೆ ಡಬ್ಬದ ಖರ್ಚು ಒಂದು ಸಾಧಾರಣ 200 ಆಂಪ್ ಇನ್ವರ್ಟರಿನ ಹತ್ತಿರ ಬಂದುಬಿಡುತ್ತದೆ. ಹಾಗಾಗಿ ತೀರ್ಮಾನ ಹೀಗೆ: ಗುಜರಿಯಲ್ಲಿ ಡಯೋಡೂ ಕೋರೂ ಸಿಕ್ಕಿದರೆ, ತ್ರೀಫೇಸ್ ಲೈನ್ ಶಾಪಿನ ಹೆಸರಿಗೇ ಇದ್ದರೆ, ದಿನವಿಡೀ 4 ಮಿ.ಮೀ. ರಾಡಿನ ಕೆಲಸವಿದ್ದರೆ ಡಬ್ಬ ಮಾಡಿ. ಇಲ್ಲದಿದ್ದರೆ ಸೆಟ್ಟನ್ನು ಎಸಿಯಾಗಿಯೇ ಇಟ್ಟುಕೊಂಡು ಪಕ್ಕಕ್ಕೊಂದು ಇನ್ವರ್ಟರ್ ತನ್ನಿ. ತೋಟದ ಪಂಪ್‌ಸೆಟ್ಟಿನ ಲೈನಿಗೆ ಆಯಿಲ್ ಸೆಟ್ ಸಿಕ್ಕಿಸುವ ಅಭ್ಯಾಸ ಮಾತ್ರ ಬಿಡಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆಗೆ ಕರೆಂಟ್ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದಂಡದ ಬಿಲ್ ಬರುತ್ತದೆ.

ಮಳೆಗಾಲದ ಮಾತೂ ಇದೆ. ಒದ್ದೆ ಜಾಗಕ್ಕೆ ಅಂತರರಾಷ್ಟ್ರೀಯ ಮಾನದಂಡ ಒಪ್ಪುವ ಲೋಡಿಲ್ಲದ ಎಸಿ ವೋಲ್ಟೇಜ್ 48 ಮಾತ್ರ. ಡಿಸಿಗೆ 113ರವರೆಗೆ ಬಿಡುತ್ತದೆ. ಒಂದೇ ವೋಲ್ಟೇಜಿನಲ್ಲಿ ಎಸಿ ಹೆಚ್ಚು ಅಪಾಯಕಾರಿ, ಕೈ ಹಿಡಿದುಕೊಂಡುಬಿಡುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಒದ್ದೆ ನೆಲದ ಮೇಲೆ ನಿಂತು 80 ವೋಲ್ಟ್ ಎಸಿ ಹೋಲ್ಡರಿಗೆ ರಾಡ್ ಹಾಕುವುದು ಬೇಡ. ವಿಆರ್‌ಡಿ (ಲೋಡಿಲ್ಲದಾಗ ವೋಲ್ಟೇಜ್ ತಗ್ಗಿಸುವ ವ್ಯವಸ್ಥೆ) ಇರುವ ಇನ್ವರ್ಟರ್ ತನ್ನಿ, ಕಾಲಡಿಗೆ ಒಣ ಹಲಗೆ ಹಾಕಿ.

ಇನ್ವರ್ಟರಿಗೆ ಆರ್ಗಾನ್ ಟಾರ್ಚ್: ಅಗ್ಗದ, ಆದರೆ ಅರ್ಧ ದಾರಿ

ಡಿಸಿ ರಾಡ್ ಇನ್ವರ್ಟರ್ ಮೊದಲೇ ಕರೆಂಟ್ ಕಾಯುವ ಮಿಷನ್. ಆದ್ದರಿಂದ ಟಿಗ್‌ಗೆ ಒಳಗೇನೂ ಬದಲಿಸಬೇಕಿಲ್ಲ. ತಲೆಯಲ್ಲೇ ಗ್ಯಾಸ್ ವಾಲ್ವ್ ಇರುವ ಡಬ್ಲ್ಯುಪಿ-17ವಿ ಜಾತಿಯ ಟಾರ್ಚ್, ಆರ್ಗಾನ್ ರೆಗ್ಯುಲೇಟರ್, ಸಿಲಿಂಡರ್, ಟಂಗ್‌ಸ್ಟನ್ ಕಡ್ಡಿ ಇಷ್ಟಿದ್ದರೆ ಸಾಕು. ಟಾರ್ಚ್ ನೆಗೆಟಿವಿಗೆ, ಅರ್ಥ್ ಕ್ಲಾಂಪ್ ಪಾಸಿಟಿವಿಗೆ. ರಾಡಿನ ಅಭ್ಯಾಸದಲ್ಲಿ ಟಾರ್ಚನ್ನು ಪಾಸಿಟಿವಿಗೆ ಸಿಕ್ಕಿಸಿದರೆ ಮೂರು ಸೆಕೆಂಡಿನಲ್ಲಿ ಟಂಗ್‌ಸ್ಟನ್ ತುದಿ ಗೋಲಿಯಾಗಿ ಉದುರುತ್ತದೆ.

ಹೋಂಸ್ಟೇ ರೇಲಿಂಗಿನ 1.2 ಮಿ.ಮೀ. ಎಸ್‌ಎಸ್ ಪೈಪಿಗೆ 1.6 ಮಿ.ಮೀ. ಟಂಗ್‌ಸ್ಟನ್, 40ರಿಂದ 55 ಆಂಪ್, ಆರ್ಗಾನ್ ನಿಮಿಷಕ್ಕೆ 6ರಿಂದ 8 ಲೀಟರ್, 308ಎಲ್ ಫಿಲ್ಲರ್ (ಕರಗಿಸಿ ತುಂಬುವ ಕಡ್ಡಿ). ಟಂಗ್‌ಸ್ಟನ್ನಿನಲ್ಲಿ ಕೆಂಪು ತುದಿಯದು ಥೋರಿಯಂ ಬೆರೆತದ್ದು, ಅಲ್ಪ ವಿಕಿರಣ ಉಂಟು, ಅದನ್ನು ಗ್ರೈಂಡ್ ಮಾಡಿದ ಧೂಳು ಉಸಿರಿಗೆ ಒಳ್ಳೆಯದಲ್ಲ. ಬೂದು ಅಥವಾ ಬಂಗಾರದ ಬಣ್ಣದ ತುದಿ ಅದೇ ಕೆಲಸ ಮಾಡುತ್ತದೆ. ಚೂಪು ಮಾಡುವಾಗ ಗೀರು ಉದ್ದಕ್ಕೆ ಇರಲಿ, ಅಡ್ಡಕ್ಕಾದರೆ ಆರ್ಕ್ ಅಲೆದಾಡುತ್ತದೆ.

ಅರ್ಧ ದಾರಿ ಎಂದದ್ದು ಯಾಕೆಂದರೆ, ಮಿಷನ್ನಿನಲ್ಲಿ ಲಿಫ್ಟ್ ಟಿಗ್ (ಟಂಗ್‌ಸ್ಟನ್ ಮುಟ್ಟಿಸಿ ಎತ್ತಿದರೆ ಹೊತ್ತುವ ಸೌಲಭ್ಯ) ಇಲ್ಲದಿದ್ದರೆ ಟಂಗ್‌ಸ್ಟನ್ನನ್ನು ಗೀರಿ ಹೊತ್ತಿಸಬೇಕು. ಪ್ರತಿ ಗೀರಿಗೂ ತುದಿಯ ಚೂರು ವೆಲ್ಡಿಗೆ ಸೇರುತ್ತದೆ. ಪಕ್ಕದಲ್ಲೊಂದು ತಾಮ್ರದ ತುಂಡಿಟ್ಟು ಅದರ ಮೇಲೆ ಹೊತ್ತಿಸಿ ಕೆಲಸಕ್ಕೆ ಎಳೆದುಕೊಳ್ಳುವುದು ಒಂದು ಉಪಾಯ. ಕೊನೆಯಲ್ಲಿ ಕರೆಂಟ್ ನಿಧಾನ ಇಳಿಸುವ ಸೌಲಭ್ಯವೂ ಇಲ್ಲ. ಟಾರ್ಚ್ ಫಕ್ಕನೆ ಎತ್ತಿದರೆ ಗುಂಡಿ ಬಿದ್ದು ಅಲ್ಲಿಂದಲೇ ಸೀಳು ಹೊರಡುತ್ತದೆ. ಮುಗಿಸುವಾಗ ಫಿಲ್ಲರ್ ಒಂದು ಹನಿ ಹೆಚ್ಚಿಗೆ ಕೊಟ್ಟು, ಹಿಂದಕ್ಕೆ ಹಾಕಿದ ವೆಲ್ಡಿನ ಮೇಲೆ ಸರಿದು ಬಿಡಿಸಿ, ವಾಲ್ವನ್ನು ಐದು ಸೆಕೆಂಡ್ ತೆರೆದೇ ಇಡಿ. ತಿಂಗಳಿಗೆ ಒಂದೆರಡು ರೇಲಿಂಗ್ ಇದ್ದರೆ ಇದು ಧಾರಾಳ. ದಿನವೂ ಎಸ್‌ಎಸ್ ಇದ್ದರೆ ಹೈ ಫ್ರೀಕ್ವೆನ್ಸಿ (ಎಚ್‌ಎಫ್) ಸ್ಟಾರ್ಟ್, ಅಂದರೆ ಮುಟ್ಟಿಸದೆಯೇ ಆರ್ಕ್ ಹೊತ್ತಿಸುವ ಸೌಲಭ್ಯ ಇರುವ ಟಿಗ್ ಮಿಷನ್ನೇ ತನ್ನಿ. ರಾಡ್ ಇನ್ವರ್ಟರಿಗೆ ಹೊರಗಿನಿಂದ ಎಚ್‌ಎಫ್ ಡಬ್ಬ ಕಟ್ಟಬೇಡಿ. ಸಾವಿರಾರು ವೋಲ್ಟ್ ಹಿಂದಕ್ಕೆ ಹರಿದು ಬೋರ್ಡನ್ನೇ ತಿನ್ನುತ್ತದೆ.

ಇನ್ನೊಂದು ಲಾಭ ಯಾರೂ ಹೇಳುವುದಿಲ್ಲ. 100 ಆಂಪಿನಲ್ಲಿ ರಾಡ್ ಆರ್ಕಿಗೆ 24 ವೋಲ್ಟ್ ಬೇಕು, ಟಿಗ್ ಆರ್ಕಿಗೆ 14 ಸಾಕು. ಲೈನಿನಿಂದ ಎಳೆಯುವುದು ಹದಿನೇಳು ಹದಿನೆಂಟು ಆಂಪಿನ ಬದಲು ಹತ್ತೇ ಆಂಪ್. ಸಂಜೆ ಕರೆಂಟ್ ಸೊರಗಿದ ಹೊತ್ತಲ್ಲೂ ಟಿಗ್ ಓಡುತ್ತದೆ.

ಸಿಓಟು: ಇಲ್ಲಿ ಬದಲಿಸುವ ಮಾತು ಬಿಡಿ

ರಾಡ್ ಸೆಟ್ಟನ್ನು ವೋಲ್ಟೇಜ್ ಕಾಯುವ ಮಿಷನ್ ಮಾಡಬೇಕೆಂದರೆ 80 ವೋಲ್ಟ್ ಕೊಡುವ ಸೆಕೆಂಡರಿ ಬಿಚ್ಚಿ 18ರಿಂದ 32 ವೋಲ್ಟಿಗೆ ಟ್ಯಾಪ್ ಇಟ್ಟು ಮತ್ತೆ ಸುತ್ತಬೇಕು, ಮ್ಯಾಗ್ನೆಟಿಕ್ ಷಂಟ್ ತೆಗೆಯಬೇಕು, ಬ್ರಿಡ್ಜು, ಚೋಕು, ದೊಡ್ಡ ಕೆಪಾಸಿಟರ್ ಸಾಲು, ಫೀಡರು. ಇದಾದ ಮೇಲೆ ಅದು ರಾಡಿಗೂ ಬರುವುದಿಲ್ಲ. ಆರ್ಕಿನ ವೋಲ್ಟೇಜ್ ನೋಡಿ ವೈರಿನ ವೇಗ ಬದಲಿಸುವ ಸೂಟ್‌ಕೇಸ್ ಫೀಡರ್ ರಾಡ್ ಮಿಷನ್ನಿನ ಮೇಲೂ ಓಡುತ್ತದೆ ನಿಜ, ಆದರೆ ಅದು ದಪ್ಪ ಫ್ಲಕ್ಸ್ ವೈರು, ದಪ್ಪ ಪ್ಲೇಟಿನ ಕೆಲಸಕ್ಕೆ. 0.8 ವೈರಿನಲ್ಲಿ ಜೀಪಿನ ಫ್ಲೋರ್ ಹಾಕಲು ಅದು ಒಗ್ಗದು. ರಾಡ್, ಮಿಗ್, ಲಿಫ್ಟ್ ಟಿಗ್ ಮೂರೂ ಇರುವ ಇನ್ವರ್ಟರ್ ತರುವುದೇ ಸರಿ. ಅದರ ಬೋರ್ಡು ಸ್ವಿಚ್ಚಿನ ಒಂದು ತಿರುವಿಗೆ ತನ್ನ ಗುಣ ಬದಲಿಸುತ್ತದೆ.

ಮಿಗ್ ಒಳಗೆ ನಿಜವಾದ ಆಯ್ಕೆ ಇರುವುದು ಗ್ಯಾಸ್ ಹಾಕುವುದೋ ಗ್ಯಾಸಿಲ್ಲದ ವೈರೋ ಎಂಬಲ್ಲಿ. ಗ್ಯಾಸಿನ ಗಟ್ಟಿ ವೈರು ಅಂದರೆ ಇಆರ್70ಎಸ್-6, ಟಾರ್ಚ್ ಪಾಸಿಟಿವಿಗೆ. ಗ್ಯಾಸಿಲ್ಲದ ಫ್ಲಕ್ಸ್ ವೈರು, ಟಾರ್ಚ್ ನೆಗೆಟಿವಿಗೆ. ಮಿಷನ್ನಿನ ಮುಖದಲ್ಲೋ ವೈರ್ ಡಬ್ಬದ ಒಳಗೋ ಇರುವ ಗಿಡ್ಡ ಕೇಬಲ್ ತಿರುಗಿಸುವುದು ಅಷ್ಟೇ. ಅದನ್ನು ಮರೆತರೆ ಗ್ಯಾಸಿಲ್ಲದ ವೈರು ಪಟಪಟನೆ ಸಿಡಿಯುತ್ತದೆ, ಬೀಡ್ ಮೇಲೆಯೇ ಕೂರುತ್ತದೆ, ಸುತ್ತ ಹಿಟ್ಟು ಚೆಲ್ಲಿದ ಹಾಗೆ ಸ್ಪ್ಯಾಟರ್ (ಸಿಡಿದ ಲೋಹದ ಹನಿ). ಬೈಗುಳ ಮಾತ್ರ ವೈರಿಗೆ ಬೀಳುತ್ತದೆ. ರೋಲರೂ ಬದಲಿಸಬೇಕು: ಗಟ್ಟಿ ವೈರಿಗೆ ನಯವಾದ ವಿ ಆಕಾರದ ಕೊರೆತದ್ದು, ಫ್ಲಕ್ಸ್ ವೈರಿಗೆ ಹಲ್ಲಿರುವುದು. ಪೊಳ್ಳು ವೈರನ್ನು ನಯ ರೋಲರಿನಲ್ಲಿ ಬಿಗಿದರೆ ಚಪ್ಪಟೆಯಾಗಿ ಟಿಪ್ಪಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಗ್ಯಾಸಿನ ಸೆಟ್ಟಿಂಗ್ ಎಂಎಸ್‌ಗೆ, 0.8 ವೈರಿನಲ್ಲಿ: 1.6 ಮಿ.ಮೀ. ತಗಡಿಗೆ 60ರಿಂದ 90 ಆಂಪ್, 16ರಿಂದ 17.5 ವೋಲ್ಟ್, 3 ಮಿ.ಮೀ.ಗೆ 110ರಿಂದ 130 ಆಂಪ್, 18ರಿಂದ 19 ವೋಲ್ಟ್. ಗ್ಯಾಸ್ ನಿಮಿಷಕ್ಕೆ 10ರಿಂದ 15 ಲೀಟರ್. ಬರೀ ಸಿಓಟು ಅಗ್ಗ, ಆಳಕ್ಕೆ ಇಳಿಯುತ್ತದೆ, ಸ್ಪ್ಯಾಟರ್ ಜಾಸ್ತಿ. ಆರ್ಗಾನ್ 80, ಸಿಓಟು 20 ಬೆರೆತದ್ದು ತೆಳು ತಗಡಿಗೆ ಸೊಗಸು. ಎಸ್‌ಎಸ್ ವೈರಿಗೆ ಆರ್ಗಾನಿನಲ್ಲಿ ನೂರಕ್ಕೆ 2 ಭಾಗ ಮಾತ್ರ ಸಿಓಟು. ಬರೀ ಸಿಓಟು ಹಾಕಿದರೆ ಬೀಡ್ ಕಪ್ಪಾಗಿ, ಇಂಗಾಲ ಸೇರಿ ತುಕ್ಕು ತಡೆಯುವ ಗುಣವೇ ಹೋಗುತ್ತದೆ.

ಗುಡ್ಡದ ಮೇಲಿನ ತೋಟದಲ್ಲಿ ಗ್ಯಾಸ್ ಮಿಗ್ ಒಯ್ಯುವವರು ಒಂದು ನೆನಪಿಡಿ. ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ, ಅಂದರೆ ಎಲೆಗಳು ಸುಮ್ಮನೆ ಅಲ್ಲಾಡುವಷ್ಟು ಬೀಸಿದರೂ, ಗ್ಯಾಸಿನ ಹೊದಿಕೆ ಹಾರಿ ಬೀಡ್ ಒಳಗೆ ಜೇನುಗೂಡಿನಂತೆ ತೂತು. ಲೀಟರ್ ಏರಿಸಿದರೆ ಸುಳಿ ಎದ್ದು ಇನ್ನಷ್ಟು ಕೆಡುತ್ತದೆ. ಹೊರಗಿನ ಕೆಲಸಕ್ಕೆ ಗ್ಯಾಸಿಲ್ಲದ ವೈರು ಅಥವಾ ರಾಡು. ಸಿಲಿಂಡರ್ ತುಂಬಿಸಲು ಮೈಸೂರು ಕಡೆಗೆ ಓಡಾಡಬೇಕಾದ ಊರಿನವರಿಗೆ ಗ್ಯಾಸಿಲ್ಲದ ವೈರಿನ ಹೆಚ್ಚಿನ ಬೆಲೆ ಅಷ್ಟೇನೂ ಭಾರವಲ್ಲ.

ಅಲ್ಯೂಮಿನಿಯಂ

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗುವುದು 2000 ಡಿಗ್ರಿ ದಾಟಿದ ಮೇಲೆ. ಒಳಗೆ ನೀರಾಗಿದ್ದರೂ ಮೇಲೆ ಚರ್ಮ ಗಟ್ಟಿಯಾಗಿಯೇ ಇರುತ್ತದೆ, ಆಮೇಲೆ ಒಮ್ಮೆಗೇ ಕುಸಿದು ತೂತು. ಟಂಗ್‌ಸ್ಟನ್ ಪಾಸಿಟಿವ್ ಆಗಿರುವ ಅರ್ಧ ಸುತ್ತಿನಲ್ಲಿ ಪೊರೆ ಒಡೆಯುತ್ತದೆ, ನೆಗೆಟಿವ್ ಆಗಿರುವ ಅರ್ಧದಲ್ಲಿ ಬಿಸಿ ಕೆಲಸಕ್ಕೆ ಇಳಿಯುತ್ತದೆ. ಅದಕ್ಕೇ ಎಸಿ ಟಿಗ್. ಡಿಸಿ ಇನ್ವರ್ಟರಿಗೆ ಟಾರ್ಚ್ ಕಟ್ಟಿ ಆರ್ಗಾನಿನಲ್ಲಿ ಅಲ್ಯೂಮಿನಿಯಂ ಹಾಕಲು ಹೊರಟರೆ ಬೂದುಬಣ್ಣದ ಗಂಜಿ ಸಿಗುತ್ತದೆ. ಮೂರೂ ಇರುವ ಮಿಷನ್ನಿನ ಲಿಫ್ಟ್ ಟಿಗ್ಗೂ ಡಿಸಿಯೇ. ಅಂಗಡಿಯವರು 'ಆಗುತ್ತೆ ಸಾರ್' ಅಂದರೂ ಆಗುವುದಿಲ್ಲ.

ವಿಚಿತ್ರವೆಂದರೆ ಇಲ್ಲಿ ಹಳೆ ಆಯಿಲ್ ಸೆಟ್ಟಿಗೆ ಮರುಜನ್ಮ ಉಂಟು. ಅದರದ್ದು ಮೊದಲೇ ಎಸಿ, 80 ವೋಲ್ಟ್ ಇದೆ. ಹೊರಗೊಂದು ಎಚ್‌ಎಫ್ ಡಬ್ಬ ನಿರಂತರ ಹಾಕಿ, ಹಸಿರು ಅಥವಾ ಬಿಳಿ ತುದಿಯ 2.4 ಮಿ.ಮೀ. ಟಂಗ್‌ಸ್ಟನ್ ಇಟ್ಟರೆ ಅಲ್ಯೂಮಿನಿಯಂ ಕರಗುತ್ತದೆ. ಆದರೆ ಎರಡು ಅರ್ಧ ಸುತ್ತೂ ಸಮ ಹರಿಯದೆ ಡಿಸಿ ಅಂಶ ಉಳಿದು ಟ್ರಾನ್ಸ್‌ಫಾರ್ಮರ್ ಬಿಸಿಯೇರುತ್ತದೆ, ಪ್ಲೇಟಿನಲ್ಲಿ ಬರೆದದ್ದಕ್ಕಿಂತ ಮೂರನೇ ಒಂದು ಭಾಗ ಕಡಿಮೆಗೆ ನಿಲ್ಲಿಸಬೇಕು. ಎಚ್‌ಎಫ್ ಪಕ್ಕದ ಮನೆಯ ಟಿವಿಗೂ ತೊಂದರೆ ಕೊಡುತ್ತದೆ. ವರ್ಷಕ್ಕೆ ನಾಲ್ಕು ಕೆಲಸವಿದ್ದರೆ ಒಪ್ಪಬಹುದು.

ಸರಿಯಾದ ಎಸಿ-ಡಿಸಿ ಟಿಗ್ ಇನ್ವರ್ಟರಿನಲ್ಲಿ 1.5 ಮಿ.ಮೀ. ಸ್ಪ್ರಿಂಕ್ಲರ್ ಪೈಪಿಗೆ 50ರಿಂದ 70 ಆಂಪ್, ಫ್ರೀಕ್ವೆನ್ಸಿ 80ರಿಂದ 120, ಬ್ಯಾಲೆನ್ಸ್ ನೆಗೆಟಿವ್ ಕಡೆಗೆ 70, ಆರ್ಗಾನ್ 7ರಿಂದ 9 ಲೀಟರ್, 4043 ಫಿಲ್ಲರ್. ಮೊದಲು ಅಸಿಟೋನಿನಲ್ಲಿ ಒರೆಸಿ, ಆಮೇಲೆ ಅಲ್ಯೂಮಿನಿಯಂಗೇ ಮೀಸಲಿಟ್ಟ ಎಸ್‌ಎಸ್ ಬ್ರಷ್. ಈ ಕ್ರಮ ತಿರುಗಿಸಿದರೆ ಎಣ್ಣೆಯನ್ನು ಲೋಹದೊಳಗೆ ಉಜ್ಜಿದಂತೆ. ಮಿಗ್‌ನಲ್ಲೂ ಆಗುತ್ತದೆ: ಬರೀ ಆರ್ಗಾನ್, ಟಾರ್ಚ್ ಪಾಸಿಟಿವ್, ಟೆಫ್ಲಾನ್ ಲೈನರ್, ಯು ಆಕಾರದ ಕೊರೆತದ ರೋಲರ್, ಗಿಡ್ಡ ಕೇಬಲ್ ಅಥವಾ ವೈರಿನ ಸುರುಳಿ ಟಾರ್ಚಿನಲ್ಲೇ ಇರುವ ಸ್ಪೂಲ್ ಗನ್. ಆದರೆ 3 ಮಿ.ಮೀ. ಮೇಲಿನ ದಪ್ಪಕ್ಕೆ ಮಾತ್ರ. ಡಿಸಿ ಪಾಸಿಟಿವಿನಲ್ಲಿ ಓಡುವ ಅಲ್ಯೂಮಿನಿಯಂ ರಾಡು ಎಂಜಿನ್ ಕವರಿನಂಥ ದಪ್ಪ ಎರಕಕ್ಕೆ ಆಪದ್ಬಂಧು. ಅದರ ಫ್ಲಕ್ಸ್ ಬಿಸಿನೀರಿನಲ್ಲಿ ತೊಳೆಯದಿದ್ದರೆ ಒಂದು ಮಳೆಗಾಲದಲ್ಲಿ ಲೋಹವನ್ನೇ ತಿನ್ನುತ್ತದೆ.

ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯ ಕಾಲು ಬಿರುಕುಬಿಟ್ಟರೆ ಎಷ್ಟೇ ಒಳ್ಳೆಯ ಮಿಷನ್ ಇದ್ದರೂ ವೆಲ್ಡ್ ಮಾಡಿಕೊಡಬೇಡಿ. ಶಾಖಕ್ಕೆ ಗಟ್ಟಿ ಮಾಡಿದ ಆ ಜಾತಿಯ ಅಲ್ಯೂಮಿನಿಯಂ ವೆಲ್ಡಿನ ಪಕ್ಕದಲ್ಲಿ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಬೀಡ್ ಚೆನ್ನಾಗಿ ಕಾಣುತ್ತದೆ, ಸಿಲ್ವರ್ ಓಕ್ ಮರದ ಮೇಲಿರುವವನ ಕೆಳಗೆ ಏಣಿ ಅದರ ಪಕ್ಕದಲ್ಲಿ ಮಡಚುತ್ತದೆ.

ಬೀಡು, ಜಿಐ, ರೈಲುಕಂಬಿ

ಪಲ್ಪರಿನ ಬೀಡಿಗೆ ಔಟ್‌ಪುಟ್ ಬದಲಿಸುವುದಕ್ಕಿಂತ ರಾಡ್ ಬದಲಿಸುವುದು ಮುಖ್ಯ. ನಿಕ್ಕೆಲ್-ಕಬ್ಬಿಣದ 2.5 ಮಿ.ಮೀ. ರಾಡ್, 60ರಿಂದ 80 ಆಂಪ್, ಡಿಸಿ ಪಾಸಿಟಿವ್, ಎಸಿಯಲ್ಲೂ ಓಡುತ್ತದೆ. ಬಿರುಕಿನ ಎರಡೂ ತುದಿಗೆ ತೂತು ಕೊರೆದು, ವಿ ಆಕಾರಕ್ಕೆ ತೆಗೆದು, ಒಳಗೆ ಕುಡಿದ ಗ್ರೀಸನ್ನು ಗ್ಯಾಸ್ ಉರಿಯಲ್ಲಿ ಸುಟ್ಟು, 25 ಮಿ.ಮೀ. ಉದ್ದದ ಬೀಡ್ ಹಾಕಿ ಬಿಸಿಯಿರುವಾಗಲೇ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಕೈ ತಾಳುವಷ್ಟು ಆರಿದ ಮೇಲೆ ಮುಂದಿನದು. ಕೊನೆಗೆ ಒಣ ಬೂದಿಯಲ್ಲೋ ಭತ್ತದ ಹೊಟ್ಟಿನಲ್ಲೋ ರಾತ್ರಿಯಿಡೀ ಹೂತಿಡಿ. 6013 ಹಾಕಿದರೆ ಬೀಡ್ ಅಂಟಿದಂತೆ ಕಂಡು, ಆರುವಾಗ 'ಟಿಣ್' ಎಂದು ಪಕ್ಕದಲ್ಲೇ ಸೀಳುತ್ತದೆ. ಆ ಸದ್ದು ಕೇಳದ ವೆಲ್ಡರ್ ಇಲ್ಲ.

ಜಿಐ ಪೈಪಿನ ಸತು 907 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ. ಜಾಯಿಂಟಿನ ಎರಡೂ ಕಡೆ 25 ಮಿ.ಮೀ. ಉಜ್ಜಿ ತೆಗೆಯಿರಿ, ಆಮೇಲೆ ಸತುವಿನ ಪೇಂಟ್. ಹೊಗೆ ಕುಡಿದ ರಾತ್ರಿ ಬರುವ ಚಳಿಜ್ವರಕ್ಕೆ ಹಾಲು ಮದ್ದಲ್ಲ. ರೈಲುಕಂಬಿಯಲ್ಲಿ ಇಂಗಾಲ ನೂರಕ್ಕೆ 0.6ರಿಂದ 0.8, 300 ಡಿಗ್ರಿ ಬಿಸಿ ಕೊಡದೆ ಹಾಕಿದ ವೆಲ್ಡ್ ನಿಲ್ಲದು. ಬೋಲ್ಟ್ ಹಾಕಿ.

ಲೈನು, ಜನರೇಟರು, ರಾಡಿನ ತೇವ

ಹೆಚ್ಚಿನ ಇನ್ವರ್ಟರ್ ಪ್ಲೇಟಿನಲ್ಲಿ 230 ವೋಲ್ಟ್, 15 ಶೇಕಡಾ ಹೆಚ್ಚು ಕಡಿಮೆ ಎಂದಿರುತ್ತದೆ. ಅಂದರೆ ಕೆಳಗಿನ ಮಿತಿ 195. ತೋಟದ ಲೈನಿನ ತುದಿಯಲ್ಲಿ ಮೊದಲೇ 200 ಇದ್ದು, ನೀವು 50 ಮೀಟರ್ 2.5 ಚದರ ಮಿ.ಮೀ. ವೈರು ಎಳೆದರೆ ಹೋಗಿಬರುವ ರೋಧ 0.74 ಓಮ್. 18 ಆಂಪಿಗೆ 13 ವೋಲ್ಟ್ ದಾರಿಯಲ್ಲೇ ಸೋರಿ 187 ಉಳಿಯಿತು, ಮಿಷನ್ ಎರರ್ ತೋರಿಸಿತು. ಮೇನ್ಸ್ ವೈರು ಗಿಡ್ಡ ಮಾಡಿ, ವೆಲ್ಡಿಂಗ್ ಕೇಬಲ್ ಉದ್ದ ಮಾಡಿ. 35 ಚದರ ಮಿ.ಮೀ. ತಾಮ್ರದ ಕೇಬಲ್ ಎರಡೂ 25 ಮೀಟರ್ ಇದ್ದರೂ 100 ಆಂಪಿಗೆ ಇಳಿಯುವುದು 3 ವೋಲ್ಟಿನೊಳಗೆ. ಉಳಿದ ಕೇಬಲನ್ನು ಸುರುಳಿ ಸುತ್ತಿಡದೆ ಹಾವಿನಂತೆ ಬಿಡಿಸಿ ಹಾಕಿ. ಮಿಗ್ ಟಾರ್ಚಿಗೆ ಈ ಉಪಾಯ ಇಲ್ಲ, ಮಿಷನ್ನೇ ಕೆಲಸದ ಹತ್ತಿರ ಹೋಗಬೇಕು. ಹೊರಗಿನ ಕೆಲಸಕ್ಕೆ ರಾಡ್ ಇನ್ನೂ ಉಳಿದಿರುವುದು ಇದಕ್ಕೂ ಹೌದು.

5 ಕೆವಿಎ ಜನರೇಟರಿನಲ್ಲಿ 200 ಆಂಪ್ ಇನ್ವರ್ಟರ್ ಓಡುತ್ತದೆ, 100 ಆಂಪಿಗೆ ನಿಲ್ಲಿಸಿದರೆ. ಅಲ್ಲಿಗೇ 4 ಕೆವಿಎ ಆಯಿತು. ಜನರೇಟರ್ ವೇಗಕ್ಕೆ ಬಂದ ಮೇಲೆ ಮಿಷನ್ ಹಾಕಿ, ಮಿಷನ್ ಆರಿಸಿದ ಮೇಲೆ ಜನರೇಟರ್ ನಿಲ್ಲಿಸಿ.

ಜೂನ್ ಮೇಲೆ ತೆರೆದಿಟ್ಟ 7018 ಪ್ಯಾಕೆಟ್ ಕೆಲವೇ ಗಂಟೆಗಳಲ್ಲಿ ತೇವ ಹೀರಿ ಕೆಡುತ್ತದೆ. ತೇವದ ಹೈಡ್ರೋಜನ್ ವೆಲ್ಡಿಗೆ ಸೇರಿ ಮರುದಿನ ಬಿರುಕು. ಅದನ್ನು 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಯಿಸಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ 6013ಗೆ ಸಾಕು, 7018ಗೆ ಸಾಲದು. ಹಾಗೆಂದು 6013ನ್ನು 350ಕ್ಕೆ ಹಾಕಿದರೆ ಅದರ ಲೇಪದ ಸೆಲ್ಯುಲೋಸ್ ಸುಟ್ಟು ರಾಡೇ ಹಾಳು. ಅದಕ್ಕೆ 100 ಡಿಗ್ರಿ ಮಿತಿ.

ಕೊಳ್ಳುವಾಗ ಬಾಡಿಯ ಮೇಲಿನ ದೊಡ್ಡ ಅಂಕೆ ನಂಬಬೇಡಿ. 250 ಎಂಬುದು ಬರೀ ಮಾಡೆಲ್ ಹೆಸರೂ ಆಗಿರಬಹುದು. ಹಿಂದಿನ ಪ್ಲೇಟಿನಲ್ಲಿ 200 ಆಂಪ್, 35 ಶೇಕಡಾ ಎಂದಿದ್ದರೆ ಹತ್ತು ನಿಮಿಷದಲ್ಲಿ ಮೂರೂವರೆ ನಿಮಿಷ ಮಾತ್ರ 200. ಬಿಡುವಿಲ್ಲದೆ ಓಡಿಸಿದರೆ ಅದು 118 ಆಂಪಿನ ಮಿಷನ್. 4 ಮಿ.ಮೀ. ರಾಡಿಗೆ 140ರಿಂದ 180 ಬೇಕು, 3.15ಕ್ಕೆ 90ರಿಂದ 130. ಅಂಗಡಿಯಲ್ಲೇ ಪ್ಲೇಟ್ ಕೇಳಿ, ಡಿಸಿ ಕ್ಲಾಂಪ್ ಮೀಟರ್ ಹಾಕಿ, ಹತ್ತನೇ ನಂಬರಿನ (3.15 ಮಿ.ಮೀ.) ಮೂರು ರಾಡ್ ಒಂದರ ಹಿಂದೆ ಒಂದು ಉರಿಸಿ. ಒಂದು ರಾಡಿಗೆ ಒಂದು ನಿಮಿಷದ ಮೇಲಷ್ಟು ಹಿಡಿಯುತ್ತದೆ. ಮೂರನೆಯದು ಮುಗಿಯುವ ಮೊದಲೇ ಬಿಸಿಯಾಯಿತೆಂದು ಹಳದಿ ದೀಪ ಹತ್ತಿ ಫ್ಯಾನ್ ಸದ್ದು ಮಾತ್ರ ಉಳಿದರೆ, ಆ ಮಿಷನ್ ಅಂಗಡಿಯಲ್ಲೇ ಇರಲಿ.